ಯಾವ ಕೆಲಸಕ್ಕೆ ಯಾವ ವಾಚು? ಇರುವ ಮೂರನ್ನೇ ದಿನಕ್ಕೆ ಹಂಚಿಕೊಳ್ಳುವ ಬಗೆ

ಹೊಸಕೀಲಿ

ಸದ್ಯ ಮೂರು ವಾಚುಗಳಿವೆ. ಒಂದು ಆಟೋಮ್ಯಾಟಿಕ್ (ಕೈಯ ಅಲ್ಲಾಟಕ್ಕೆ ತಾನೇ ಕೀ ತುಂಬಿಕೊಳ್ಳುವ ಮೆಕ್ಯಾನಿಕಲ್): 39 ಮಿ.ಮೀ. ಕೇಸು, ಚರ್ಮದ ಬೆಲ್ಟು, ನೀರು ತಡೆಯುವ ಅಂಕಿ 50 ಮೀಟರ್. ಎರಡನೆಯದು ಸ್ಟೀಲ್ ಚೈನಿನ, ಸೆಲ್ಲಿನಲ್ಲಿ ಓಡುವ ಕ್ವಾರ್ಟ್ಜ್, ಹಿಂದೆ 30 ಮೀಟರ್ ಅಂತ ಬರೆದಿದೆ. ಮೂರನೆಯದು ಪ್ಲಾಸ್ಟಿಕ್ ಡಿಜಿಟಲ್, 200 ಮೀಟರಿನದು. ಹಗಲೆಲ್ಲ ಲ್ಯಾಪ್‌ಟಾಪ್ ಮುಂದೆ ಕೆಲಸ, ಸಂಜೆ ಜಿಮ್, ಆಗಾಗ ಈಜು, ಮನೆಯಲ್ಲಿ ಪಾತ್ರೆ ತೊಳೆಯುವುದು, ಯಾವಾಗಲಾದರೊಮ್ಮೆ ಕೋಟು ಹಾಕುವ ಸಮಾರಂಭ. ಯಾವುದನ್ನು ಯಾವಾಗ ಕಟ್ಟಬೇಕು? ನಾಲ್ಕನೆಯದು ಬೇಕಾ? ಕಟ್ಟದೆ ಇಟ್ಟ ವಾಚು ಕೆಡುತ್ತದಾ?

ಬ್ಯಾಲೆನ್ಸ್‌ವೀಲ್

ನಾಲ್ಕನೆಯದು ಬೇಡ. ಬಟ್ಟೆಗೆ ಒಪ್ಪುತ್ತದಾ ಅನ್ನುವುದು ಆಮೇಲಿನ ಮಾತು. ಆ ಹೊತ್ತಿನಲ್ಲಿ ನಿಮ್ಮ ಕೈ ಏನು ಮಾಡುತ್ತಿರುತ್ತದೆ ಅನ್ನುವುದನ್ನು ಮೊದಲು ನೋಡಿ. ವಾಚನ್ನು ಕೆಡಿಸುವುದು ನೀರು, ಪೆಟ್ಟು, ಅಯಸ್ಕಾಂತ ಮತ್ತು ಬೆವರು. ಇವುಗಳಲ್ಲಿ ಯಾವುದು ಎದುರಾಗುತ್ತದೋ ಅದಕ್ಕೆ ಜಗ್ಗದ ವಾಚು ಆ ಹೊತ್ತಿನದು. ಹಾಗೆ ನೋಡಿದರೆ ಈಜು, ಜಿಮ್, ಪಾತ್ರೆ, ಮೊಳೆ ಹೊಡೆಯುವುದು ಎಲ್ಲಕ್ಕೂ ಡಿಜಿಟಲ್. ಲ್ಯಾಪ್‌ಟಾಪ್ ಮುಂದೆ ಕ್ವಾರ್ಟ್ಜ್. ಸಮಾರಂಭಕ್ಕೆ, ಬಿಡುವಿನ ದಿನಕ್ಕೆ ಆಟೋಮ್ಯಾಟಿಕ್.

ಪೆಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೆಕ್ಯಾನಿಕಲ್ ವಾಚಿನಲ್ಲಿ ಲಯ ಕಾಯುವ ಬ್ಯಾಲೆನ್ಸ್ ಚಕ್ರ ನಿಂತಿರುವುದು ಸುಮಾರು 0.1 ಮಿ.ಮೀ. ದಪ್ಪದ ಎರಡು ತುದಿಗಳ ಮೇಲೆ. ಆ ತುದಿ ಕೂರುವ ಕಲ್ಲಿಗೆ ಸ್ಪ್ರಿಂಗ್ ಕೊಟ್ಟಿರುತ್ತಾರೆ, ಇನ್‌ಕಾಬ್ಲಾಕ್ ಅಂತ ಕರೆಯುವುದು ಅಂಥದ್ದನ್ನೇ. ವಾಚು ಬಿದ್ದಾಗ ಕಲ್ಲು ಸ್ವಲ್ಪ ಸರಿದು ತುದಿ ಮುರಿಯದಂತೆ ಕಾಯುತ್ತದೆ. ಐಎಸ್‌ಒ 1413 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯ ಪೆಟ್ಟು 1 ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದ ಲೆಕ್ಕದ್ದು. ಅಂದರೆ ಅಪರೂಪಕ್ಕೊಮ್ಮೆ ಬೀಳುವುದಕ್ಕೆ ಅದು ತಯಾರಿದೆ. ಸುತ್ತಿಗೆ, ಬ್ಯಾಟು, ಕೊರೆಯುವ ಯಂತ್ರ ಇವುಗಳದ್ದು ಹಾಗಲ್ಲ, ಸಣ್ಣ ಪೆಟ್ಟೇ ನೂರಾರು ಸಲ ಬೀಳುತ್ತಿರುತ್ತದೆ. ಇದರಿಂದ ರೋಟರಿನ (ಕೈ ಅಲ್ಲಾಡಿದಾಗ ತಿರುಗಿ ಕೀ ತುಂಬುವ ತೂಕದ) ಸ್ಕ್ರೂ ಸಡಿಲವಾಗುತ್ತದೆ, ಕೆಲವೊಮ್ಮೆ ಬ್ಯಾಲೆನ್ಸ್ ಚಕ್ರವನ್ನು ಹಿಂದೆಮುಂದೆ ಆಡಿಸುವ ತೆಳು ಕೂದಲು ಸ್ಪ್ರಿಂಗಿನ ಸುರುಳಿ ಒಂದರ ಮೇಲೊಂದು ಸಿಕ್ಕಿಕೊಂಡು ವಾಚು ವಿಪರೀತ ಮುಂದೆ ಓಡುತ್ತದೆ. ಕೈ ಅಲ್ಲಾಡಿಸಿದಾಗ ಒಳಗೆ ಗರಗರ ಸದ್ದು ಕೇಳಿದರೆ ರೋಟರ್ ಸಡಿಲವಾಗಿದೆ ಅಂತಲೇ ಲೆಕ್ಕ. ಮತ್ತೆ ಕಟ್ಟಬೇಡಿ. ಬಿಚ್ಚಿಕೊಂಡ ಸ್ಕ್ರೂ ಒಳಗೆಲ್ಲ ಗೀಚಿಬಿಡುತ್ತದೆ.

1983ರಲ್ಲಿ ಬಂದ ಕ್ಯಾಸಿಯೊ ಕಂಪನಿಯ ಜಿ-ಶಾಕ್‌ಗೆ ಇಟ್ಟುಕೊಂಡಿದ್ದ ಗುರಿಯೇ 10 ಮೀಟರಿನಿಂದ ಬಿದ್ದರೂ ಉಳಿಯಬೇಕು, 10 ಬಾರ್, ಅಂದರೆ 100 ಮೀಟರ್ ಆಳದಷ್ಟು, ನೀರಿನ ಒತ್ತಡ ತಡೆಯಬೇಕು, ಸೆಲ್ 10 ವರ್ಷ ಬರಬೇಕು ಅನ್ನುವುದು. ಒರಟು ಕೆಲಸಕ್ಕೆ ಈ ಜಾತಿಯ ವಾಚು ಬಿಟ್ಟು ಬೇರೆ ಹುಡುಕುವುದು ನನ್ನ ಪ್ರಕಾರ ಬರೀ ಶೋಕಿ.

ಅಲೆಮೇಲೆ

30 ಮೀಟರಿನ ಕ್ವಾರ್ಟ್ಜ್ ಕಟ್ಟಿಕೊಂಡು ಈಜಬೇಡಿ. 30 ಮೀಟರ್ ಅನ್ನುವುದು ಅಲ್ಲಾಡದೆ ನಿಂತ ನೀರಿನ ಲೆಕ್ಕ. ಕೈ ಬೀಸಿದ ಕೂಡಲೇ ಒತ್ತಡ ನಾಲ್ಕೈದು ಪಟ್ಟು ಏರುತ್ತದೆ, ಅದಕ್ಕೇ ನೀರು ನುಗ್ಗುವುದು.

ಗ್ಯಾಸ್ಕೆಟ್

ಈಜಬೇಡಿ ಅನ್ನುವುದು ಸರಿ. ಆದರೆ ಕಾರಣ ಅದಲ್ಲ, ಲೆಕ್ಕ ಹಾಕಿ ನೋಡಿ. ಕೈ ನೀರಿನಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಯಿತು ಅನ್ನೋಣ. ಈಜುವವರಲ್ಲಿ ಅದು ಜೋರಾದ ಬೀಸೇ. ಅದರಿಂದ ಹೆಚ್ಚಾಗುವ ಒತ್ತಡ ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ: 12,500 ಪಾಸ್ಕಲ್, ಅಂದರೆ 0.125 ಬಾರ್. ಒಂದೂಕಾಲು ಮೀಟರ್ ಆಳಕ್ಕೆ ಸಮ, ಅಷ್ಟೇ. ಸೆಕೆಂಡಿಗೆ 10 ಮೀಟರ್ ವೇಗದ ನೀರಿನ ಧಾರೆಗೆ ನೇರವಾಗಿ ಒಡ್ಡಿದರೂ ಅರ್ಧ ಬಾರ್ ದಾಟುವುದಿಲ್ಲ.

ನೀರು ಒಳಗೆ ಹೋಗುವುದಕ್ಕೆ ಕಾರಣಗಳೇ ಬೇರೆ. ಐಎಸ್‌ಒ 22810 ಪ್ರಕಾರ ಮಾಡಿದ ಸಾಮಾನ್ಯ ವಾಚುಗಳಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಬೇಕೆಂದಿಲ್ಲ, ಮಾದರಿ ತೆಗೆದು ಪರೀಕ್ಷಿಸಿದರೆ ಸಾಕು. ಡೈವಿಂಗ್ ವಾಚುಗಳ ಐಎಸ್‌ಒ 6425ರಲ್ಲಿ ಒಂದೊಂದು ವಾಚನ್ನೂ ಬರೆದಿರುವ ಒತ್ತಡದ ಶೇ. 125ರಷ್ಟಕ್ಕೆ ಒಡ್ಡಬೇಕು. ಎರಡನೆಯದಾಗಿ, ಆ ಅಂಕಿ ಹೊಸ ಗ್ಯಾಸ್ಕೆಟ್ಟಿನದು, ಅಂದರೆ ಕೇಸಿನ ಸಂದು ಮುಚ್ಚುವ ರಬ್ಬರ್ ಉಂಗುರದ್ದು. ರಬ್ಬರು ವರ್ಷ ಕಳೆದಂತೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಸೆಲ್ ಬದಲಿಸುವಾಗ ಹಿಂಬದಿ ಮುಚ್ಚಳ ಅಡ್ಡಾದಿಡ್ಡಿ ಒತ್ತಿದ್ದರೆ ಗ್ಯಾಸ್ಕೆಟ್ ಒಂದು ಕಡೆ ಚಿವುಟಿ ಹೋಗಿರುತ್ತದೆ. 30 ಮೀಟರಿನ ವಾಚಿನಲ್ಲಿ ಕ್ರೌನು (ಪಕ್ಕದಲ್ಲಿ ತಿರುಗಿಸುವ ಗುಂಡಿ) ಸಾಮಾನ್ಯವಾಗಿ ಒತ್ತಿ ಕೂರಿಸುವಂಥದ್ದು, ಬಟ್ಟೆಗೆ ತಾಗಿ ಅರ್ಧ ಹೊರಗೆ ಬಂದಿದ್ದರೂ ಗೊತ್ತಾಗುವುದಿಲ್ಲ.

ಹಾಗಾಗಿ ಅನುಭವದ ಅಳತೆ ಹೀಗಿದೆ. 30 ಮೀಟರ್ ಅಂದರೆ ಕೈ ತೊಳೆಯುವಾಗಿನ ಹನಿ, ಮಳೆ. 50 ಮೀಟರ್ ಅಂದರೆ ಅಕಸ್ಮಾತ್ ಮುಳುಗಿದರೆ ಚಿಂತೆಯಿಲ್ಲ. ದಿನವೂ ಈಜುವವರಿಗೆ 100. ಸಿಲಿಂಡರ್ ಕಟ್ಟಿಕೊಂಡು ಇಳಿಯುವವರಿಗೆ 200, ಕ್ರೌನು ತಿರುಪಿ ಕೂರಿಸುವಂಥದ್ದೇ ಬೇಕು.

ಬಿಸಿನೀರಿನ ಸ್ನಾನಕ್ಕೆ ಎಷ್ಟೇ ಮೀಟರಿನದಾದರೂ ಬೇಡ. ಬಿಸಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ತಣ್ಣೀರು ಬಿದ್ದಾಗ ಕುಗ್ಗಿ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಸೋಪು ಹೋಗಿ ಗ್ಯಾಸ್ಕೆಟ್ ಮೇಲಿನ ಸಿಲಿಕೋನ್ ಗ್ರೀಸನ್ನು ತೊಳೆದುಬಿಡುತ್ತದೆ. ನೀರೊಳಗೆ ಸ್ಟಾಪ್‌ವಾಚ್ ಗುಂಡಿ ಒತ್ತುವುದೂ ಬೇಡ, ಹಾಗೆ ಒತ್ತಬಹುದು ಅಂತ ತಯಾರಕರೇ ಹೇಳಿದ್ದರೆ ಮಾತ್ರ ಒತ್ತಿ.

ಹೊಸಕೀಲಿ

ಗ್ಯಾಸ್ಕೆಟ್ ಅವರೇ, ಸೀಲು ಸರಿಯಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಬಹುದಾ?

ಗ್ಯಾಸ್ಕೆಟ್

ಒತ್ತಡದ ಪರೀಕ್ಷೆ ಯಂತ್ರವಿದ್ದವರ ಹತ್ತಿರವೇ ಆಗಬೇಕು. ಒಳಗೆ ಈಗಾಗಲೇ ತೇವವಿದೆಯಾ ಅನ್ನುವುದನ್ನು ಮಾತ್ರ ನೋಡಬಹುದು. ವಾಚನ್ನು 40ರಿಂದ 45 ಡಿಗ್ರಿಯಷ್ಟು ಬೆಚ್ಚಗಿರುವ ಲೋಹದ ತಟ್ಟೆಯ ಮೇಲೆ 10-20 ನಿಮಿಷ ಇಡಿ, ಕೈಯಿಟ್ಟರೆ ಸುಡಬಾರದು. ಗಾಜಿನ ಮೇಲೆ ಸಾಮಾನ್ಯ ತಣ್ಣೀರಿನ ಒಂದು ಹನಿ ಬಿಟ್ಟು ಒಂದು ನಿಮಿಷ ಕಾಯಿರಿ, ಒಣಬಟ್ಟೆಯಿಂದ ಒರೆಸಿ. ಹನಿ ಇದ್ದ ಜಾಗದಲ್ಲಿ ಗಾಜಿನ ಒಳಬದಿಗೆ ಮಂಜು ಕಂಡರೆ ನೀರು ಹೊಕ್ಕಿದೆ. ಅವತ್ತೇ, ತಪ್ಪಿದರೆ ಮರುದಿನ, ಬಿಚ್ಚಿಸಿ ಒಣಗಿಸಿ. ತುಕ್ಕು ಮೊದಲು ಹಿಡಿಯುವುದು ಕ್ರೌನಿನ ದಂಡಕ್ಕೆ ಮತ್ತು ಅದರ ಪಕ್ಕದ ಸಣ್ಣ ಸ್ಪ್ರಿಂಗುಗಳಿಗೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಏನೂ ಆಗುವುದಿಲ್ಲ, ಮುಚ್ಚಿದ ಕೇಸಿನೊಳಗಿನ ನೀರನ್ನು ಅಕ್ಕಿ ಹೇಗೆ ಹೀರಬೇಕು?

ಸೆಕೆಂಡ್‌ಮುಳ್ಳು

ಆಫೀಸಿಗೆ ಕ್ವಾರ್ಟ್ಜ್ ಅಂದದ್ದಕ್ಕೆ ಕಾರಣ ಸೇರಿಸುತ್ತೇನೆ. ಲ್ಯಾಪ್‌ಟಾಪಿನ ಮುಚ್ಚಳ, ಸ್ಪೀಕರ್, ಟ್ಯಾಬ್ಲೆಟ್ಟಿನ ಕವರು, ಫೋನಿನ ಹಿಂಬದಿಯ ಚಾರ್ಜರ್ ಎಲ್ಲದರಲ್ಲೂ ಅಯಸ್ಕಾಂತವಿದೆ. ಐಎಸ್‌ಒ 764 ಪ್ರಕಾರ ‘ಅಯಸ್ಕಾಂತ ನಿರೋಧಕ’ ಅನ್ನಿಸಿಕೊಳ್ಳಲು ವಾಚು ಮೀಟರಿಗೆ 4,800 ಆಂಪಿಯರ್ ಬಲದ ಕ್ಷೇತ್ರವನ್ನು ತಡೆದರೆ ಸಾಕು. ಅಯಸ್ಕಾಂತಕ್ಕೆ ನೇರ ಅಂಟಿಸಿದಾಗ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ದೂರ ಹೋದಂತೆ ಬಲ ಬೇಗ ಇಳಿಯುವುದರಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟಿದ್ದರೆ ಮಾಮೂಲಿ ಉಪಕರಣಗಳಿಂದ ತೊಂದರೆಯಿಲ್ಲ. ರಾತ್ರಿ ವಾಚು ಬಿಚ್ಚಿ ಫೋನಿನ ಮೇಲೋ ಸ್ಪೀಕರಿನ ಮೇಲೋ ಇಡುವುದೇ ದೊಡ್ಡ ಕಂಟಕ.

ಸಾಮಾನ್ಯ ಕ್ವಾರ್ಟ್ಜ್ ಅಯಸ್ಕಾಂತದ ಹತ್ತಿರ ನಿಲ್ಲಬಹುದು, ದೂರ ಮಾಡಿದರೆ ಮತ್ತೆ ಓಡುತ್ತದೆ. ನಿಂತಷ್ಟು ಹೊತ್ತು ಹಿಂದೆ ಬೀಳುತ್ತದೆ, ಅಷ್ಟೇ ನಷ್ಟ. ಮುಳ್ಳಿಲ್ಲದ ಡಿಜಿಟಲ್ಲಿನಲ್ಲಿ ಮೋಟರೇ ಇಲ್ಲ, ಅದಕ್ಕೆ ಇದರ ಚಿಂತೆಯಿಲ್ಲ. ಮೆಕ್ಯಾನಿಕಲ್‌ನಲ್ಲಿ ಕೂದಲು ಸ್ಪ್ರಿಂಗ್ ಅಯಸ್ಕಾಂತವಾಗಿ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಉದ್ದ ಕಡಿಮೆಯಾದಂತಾಗಿ ದಿನಕ್ಕೆ ಹತ್ತಾರು ಸೆಕೆಂಡಿನಿಂದ ಹಲವು ನಿಮಿಷದವರೆಗೆ ಮುಂದೆ ಓಡುತ್ತದೆ. ಸಿಲಿಕಾನ್ ಸ್ಪ್ರಿಂಗ್ ಇದ್ದರೆ ಈ ತೊಂದರೆ ಇಲ್ಲ. ಇದ್ದಕ್ಕಿದ್ದಂತೆ ಮುಂದೆ ಓಡತೊಡಗಿದ ಆಟೋಮ್ಯಾಟಿಕ್ಕನ್ನು ರಿಪೇರಿಗೆ ಕೊಡುವ ಮೊದಲು ಒಂದು ದಿಕ್ಸೂಚಿಯ ಪಕ್ಕ ಇಟ್ಟು ಮೆಲ್ಲಗೆ ತಿರುಗಿಸಿ. ಸೂಜಿ ಜೋರಾಗಿ ತಿರುಗಿದರೆ ರೋಗ ಅದೇ.

ಆ ಅಯಸ್ಕಾಂತತೆ ತೆಗೆಯುವುದು ಸುಲಭ. ವಾಚನ್ನು ಡಿಮ್ಯಾಗ್ನೆಟೈಸರ್ ಅನ್ನುವ ಉಪಕರಣದ ಮೇಲಿಟ್ಟು ಗುಂಡಿ ಒತ್ತಿ ಹಿಡಿಯಿರಿ. ಒತ್ತಿ ಹಿಡಿದಿರುವಾಗಲೇ ವಾಚನ್ನು ನೇರ ಮೇಲಕ್ಕೆ ನಿಧಾನವಾಗಿ 30-40 ಸೆಂ.ಮೀ. ಎತ್ತಿ, ಆಮೇಲೆ ಗುಂಡಿ ಬಿಡಿ. ವಾಚು ಹತ್ತಿರವಿದ್ದಾಗಲೇ ಗುಂಡಿ ಬಿಟ್ಟರೆ ಆ ಗಳಿಗೆಯ ಕ್ಷೇತ್ರ ಹಾಗೇ ಉಳಿದು ಮೊದಲಿಗಿಂತ ಕೆಟ್ಟದಾಗುತ್ತದೆ.

ಲಗ್20

ಸಮಾರಂಭದ ವಿಷಯ. 39 ಮಿ.ಮೀ. ಅನ್ನುವ ಅಳತೆಯೊಂದೇ ನೋಡಿ ಏನೂ ಹೇಳಲಾಗದು. ಕೋಟಿನ ಒಳಗಿನ ಅಂಗಿಯ ಕಫ್ ಕೆಳಗೆ ಹೋಗಬೇಕಾದರೆ ಕೇಸಿನ ದಪ್ಪ 10 ಮಿ.ಮೀ. ಒಳಗಿರಲಿ. 12 ದಾಟಿದರೆ ಕಫ್ ಅದರ ಮೇಲೆ ಏರಿ ಅಲ್ಲೇ ನಿಲ್ಲುತ್ತದೆ, ಪ್ರತಿ ಸಲ ಕೈಯಿಂದ ಎಳೆದು ಬಿಡಿಸಬೇಕು. ಇನ್ನೊಂದು ಅಳತೆ, ಮೇಲಿನ ಲಗ್ (ಬೆಲ್ಟು ಸಿಗಿಸುವ ಕೇಸಿನ ಕೊಂಬು) ತುದಿಯಿಂದ ಕೆಳಗಿನ ಲಗ್ ತುದಿಯವರೆಗೆ. ಅದು ನಿಮ್ಮ ಮಣಿಕಟ್ಟಿನ ಮೇಲ್ಭಾಗದ ಸಪಾಟು ಅಗಲಕ್ಕಿಂತ ಕಡಿಮೆ ಇರಬೇಕು. ಸ್ಕೇಲ್ ಅಡ್ಡ ಇಟ್ಟು ನೋಡಿ. ಸಪಾಟು 52 ಇದ್ದು ವಾಚು 47 ಇದ್ದರೆ ಚೆನ್ನಾಗಿ ಕೂರುತ್ತದೆ. 52ಕ್ಕೆ 54 ಆದರೆ ಲಗ್ಗುಗಳು ಹೊರಗೆ ಚಾಚಿ ಬೆಲ್ಟು ನೇತಾಡುತ್ತದೆ.

ವಾಚು ಕೊಳ್ಳುವ ಬದಲು ಬೆಲ್ಟು ಕೊಳ್ಳಿ ಅನ್ನುವ ಪಂಗಡದವನು ನಾನು. ಲಗ್ಗಿನ ಮಧ್ಯದ ಅಂತರ 20 ಇದ್ದರೆ ಆಯ್ಕೆ ಸಿಕ್ಕಾಪಟ್ಟೆ, 18 ಮತ್ತು 22ಕ್ಕೂ ಪರವಾಗಿಲ್ಲ. 19 ಇದ್ದರೆ ಕಿರಿಕಿರಿ. 20ರ ಚರ್ಮ ತುರುಕಿದರೆ ಅಂಚು ಮಡಚುತ್ತದೆ, 18 ಹಾಕಿದರೆ ಎರಡೂ ಕಡೆ ಅರ್ಧರ್ಧ ಮಿ.ಮೀ. ಸಂದು ಕಾಣುತ್ತದೆ. ಬಕಲ್ಲಿನ ಹತ್ತಿರ 16ಕ್ಕೆ ಕಿರಿದಾಗುವ, ಹೊಲಿಗೆಯ ನೂಲು ಚರ್ಮದ ಬಣ್ಣದ್ದೇ ಆಗಿರುವ ತೆಳು ಕಪ್ಪು ಅಥವಾ ಗಾಢ ಕಂದು ಬೆಲ್ಟು ಕೋಟಿಗೆ. ಅದೇ ವಾಚಿಗೆ ದಪ್ಪ, ಬಿಳಿ ಹೊಲಿಗೆಯ ಬೆಲ್ಟು ಹಾಕಿದರೆ ಜೀನ್ಸಿಗೆ. ನಾಟೋ ಅನ್ನುವ ಒಂದೇ ಪಟ್ಟಿಯ ನೈಲಾನ್ ಬೆಲ್ಟು ಚೆನ್ನಾಗಿಯೇ ಇದೆ, ಒಂದು ಸ್ಪ್ರಿಂಗ್ ಬಾರ್ (ಲಗ್ಗುಗಳ ನಡುವೆ ಬೆಲ್ಟು ಹಿಡಿಯುವ ಸಣ್ಣ ಕಡ್ಡಿ) ಕಿತ್ತರೂ ವಾಚು ಬೀಳುವುದಿಲ್ಲ. ಆದರೆ ಕೇಸಿನ ಕೆಳಗೂ ಹಾಯುವುದರಿಂದ 2-3 ಮಿ.ಮೀ. ಎತ್ತರ ಏರುತ್ತದೆ, ಕಫ್ ಲೆಕ್ಕ ತಪ್ಪುತ್ತದೆ.

ಬದಲಿಸುವಾಗ ಮೆತ್ತಗಿನ ಬಟ್ಟೆಯ ಮೇಲೆ ಡಯಲ್ ಕೆಳಗಾಗಿ ಇಟ್ಟು, ಲಗ್ಗಿನ ಹಿಂಬದಿಗೆ ಕಾಗದದ ಟೇಪು ಅಂಟಿಸಿ. ಕವಲು ತುದಿಯ ಉಪಕರಣವನ್ನು ಬೆಲ್ಟಿಗೂ ಲಗ್ಗಿಗೂ ನಡುವೆ ತೂರಿಸಿ, ಸ್ಪ್ರಿಂಗ್ ಬಾರಿನ ತುದಿಯ ಅಂಚಿಗೆ ಸಿಗಿಸಿ, ಬೆಲ್ಟಿನ ಕಡೆಗೆ ತಳ್ಳಿ. ಹೆಬ್ಬೆರಳು ಮೇಲೆ ಅಡ್ಡ ಇರಲಿ, ಇಲ್ಲದಿದ್ದರೆ ಬಾರ್ ಚಿಮ್ಮಿ ಎಲ್ಲೋ ಹೋಗುತ್ತದೆ. ಹೊಸದನ್ನು ಕೂರಿಸಿದ ಮೇಲೆ ಬೆಲ್ಟು ಹಿಡಿದು ಜೋರಾಗಿ ಎಳೆದು, ಎಡಬಲಕ್ಕೆ ತಿರುಚಿ ನೋಡಿ. ಒಂದು ತುದಿ ತೂತಿಗೆ ಕೂರದೆ ಬರೀ ಒತ್ತಡದಲ್ಲಿ ನಿಂತಿರುವುದು ಸಾಮಾನ್ಯ, ಅಂಥದ್ದು ನಡುದಾರಿಯಲ್ಲಿ ಕೈಕೊಡುತ್ತದೆ.

ರಾತ್ರಿಪಾಳಿ

ಯಾವ ವಾಚನ್ನೂ ಕಟ್ಟಬಾರದ ಹೊತ್ತುಗಳೂ ಇವೆ, ಅದನ್ನು ಯಾರೂ ಹೇಳಲಿಲ್ಲ. ಲೇತ್, ನಿಂತ ಡ್ರಿಲ್, ತಿರುಗುವ ಯಾವುದೇ ಯಂತ್ರದ ಮುಂದೆ ವಾಚು, ಉಂಗುರ, ಸಡಿಲ ತೋಳು ಮೂರೂ ಬೇಡ. ಬೆಲ್ಟು ಕಿತ್ತು ಬರುವಷ್ಟರಲ್ಲಿ ಕೈ ಒಳಗೆ ಹೋಗಿರುತ್ತದೆ. ವಾಹನದ ಬ್ಯಾಟರಿಯ ಕೆಲಸದಲ್ಲಿ ಸ್ಟೀಲ್ ಚೈನು ಬಿಚ್ಚಿಡಿ. 12 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಚೈನು ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಗೆ ಕಾಯುತ್ತದೆ, ಮಣಿಕಟ್ಟಿನ ಸುತ್ತ ಸುಟ್ಟ ಗಾಯ.

ರೋಗಿಗಳನ್ನು ಮುಟ್ಟುವ ಕೆಲಸದಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಬಾರದು ಅನ್ನುವ ನಿಯಮ ಎಷ್ಟೋ ಆಸ್ಪತ್ರೆಗಳಲ್ಲಿದೆ. ವಾಚಿದ್ದರೆ ಮಣಿಕಟ್ಟು ಸರಿಯಾಗಿ ತೊಳೆಯಲಾಗದು. ಅಲ್ಲಿಗೆ ಎದೆಗೆ ಪಿನ್ನು ಮಾಡಿಕೊಳ್ಳುವ ವಾಚು. ತಗ್ಗಿ ನೋಡಿದರೆ ನೇರ ಕಾಣಲಿ ಅಂತ ಡಯಲ್ ತಲೆಕೆಳಗಾಗಿರುತ್ತದೆ. ಸೆಕೆಂಡ್ ಮುಳ್ಳು ಇರಲೇಬೇಕು. ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ, 30 ಸೆಕೆಂಡ್ ಎಣಿಸಿದರೆ ಎರಡೇ.

ಬೆವರುಬೆಲ್ಟು

ಜಿಮ್ಮಿಗೆ ಡಿಜಿಟಲ್ ಸರಿ. ಸ್ಮಾರ್ಟ್‌ವಾಚ್ ಕಟ್ಟುವವರಾದರೆ ಮಣಿಕಟ್ಟಿನ ಎಲುಬಿನಿಂದ ಒಂದೆರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಸಡಿಲವಿದ್ದರೆ ಸಂದಿನಿಂದ ಬೆಳಕು ನುಗ್ಗಿ ಹೃದಯಬಡಿತದ ಬದಲು ಹೆಜ್ಜೆಯ ಲಯವನ್ನೇ ಬಡಿತ ಅಂತ ತೋರಿಸಿಬಿಡುತ್ತದೆ. ಭಾರ ಎತ್ತುವಾಗ ಮಣಿಕಟ್ಟು ಹಿಂದಕ್ಕೆ ಬಾಗುವುದರಿಂದ ಕ್ರೌನು ಅಂಗೈ ಹಿಂಬದಿಗೆ ಒತ್ತುತ್ತದೆ, ಅಂಥವರು ಬಲಗೈಗೆ ಬದಲಿಸಿ ನೋಡಬಹುದು.

ಕೆಳಗೆ ತುರಿಕೆ ಬಂದರೆ ಎರಡು ಕಾರಣ. ಒಂದು, ಬೆಲ್ಟಿನ ಕೆಳಗೆ ನಿಂತ ಬೆವರು ಮತ್ತು ಸೋಪು. ತೊಳೆದು ಒಣಗಿಸಿದರೆ ಹೋಗುತ್ತದೆ. ಇನ್ನೊಂದು, ನಿಕಲ್. ವಾಚಿಗೆ ಬಳಸುವ 316ಎಲ್ ಸ್ಟೀಲಿನಲ್ಲೂ ನಿಕಲ್ ಇದೆ, ಹೊರಗೆ ಬಿಡುವುದು ಕಡಿಮೆ. ಹಿತ್ತಾಳೆಗೆ ಲೇಪನ ಕೊಟ್ಟ ಕೇಸಿನಲ್ಲಿ ಮೇಲ್ಪದರ ಸವೆದ ಮೇಲೆ ಕಾಟ ಶುರು. ಅಲರ್ಜಿ ಇರುವವರಿಗೆ ಟೈಟಾನಿಯಂ ನೆಮ್ಮದಿ.

ಚರ್ಮದ ಬೆಲ್ಟು ಎರಡು ದಿನ ಸತತ ಬೇಡ, ಒಂದು ದಿನ ಬಿಟ್ಟರೆ ಬೆವರು ಆರುತ್ತದೆ. ಬಿಸಿಲಿಗೆ ಹಾಕಿ ಒಣಗಿಸಿದರೆ ಬಿರಿಯುತ್ತದೆ, ನೆರಳಲ್ಲೇ ಆರಲಿ.

ಬ್ಯಾಲೆನ್ಸ್‌ವೀಲ್

ಕಟ್ಟದೆ ಇಟ್ಟರೆ ಕೆಡುತ್ತದಾ ಅನ್ನುವ ಪ್ರಶ್ನೆ ಉಳಿದಿದೆ. ಆಟೋಮ್ಯಾಟಿಕ್ ನಿಂತರೆ ನಿಲ್ಲಲಿ, ಏನೂ ಆಗುವುದಿಲ್ಲ. ಅದಕ್ಕಾಗಿ, ಕಟ್ಟದಿದ್ದಾಗಲೂ ಕೀ ತುಂಬಿರಲಿ ಅಂತ ವಾಚನ್ನು ತಿರುಗಿಸುವ ಡಬ್ಬಿ ಕೊಳ್ಳಬೇಕಾಗಿಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ಸೀಕೋ 4ಆರ್36 ಯಂತ್ರದ ವಾಚು ಪೂರ್ತಿ ಕೀ ತುಂಬಿದ್ದರೆ 41 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಏಳಕ್ಕೆ ಬಿಚ್ಚಿದ್ದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನಿಲ್ಲುತ್ತದೆ. ಪವರ್‌ಮ್ಯಾಟಿಕ್ 80 ಯಂತ್ರದ್ದಾದರೆ (ಅದು 80 ಗಂಟೆಯದು) ಸೋಮವಾರ ಬೆಳಗ್ಗೆ ಒಂಬತ್ತಕ್ಕೂ ಓಡುತ್ತಿರುತ್ತದೆ, ಆಗ ಆಗಿರುವುದು 62 ಗಂಟೆ. ಕುರ್ಚಿ ಬಿಟ್ಟು ಏಳದವರ ಕೈಯಲ್ಲಿ ಪೂರ್ತಿ ತುಂಬಿರುವುದೇ ಅನುಮಾನ, ಹಾಗಾಗಿ ಇದಕ್ಕಿಂತ ಮೊದಲೇ ನಿಲ್ಲಬಹುದು.

ನಿಂತದ್ದನ್ನು ಮತ್ತೆ ಕಟ್ಟುವಾಗ ಕ್ರೌನನ್ನು 20-30 ಸುತ್ತು ತಿರುಗಿಸಿ ಕೀ ಕೊಡಿ. ಸೀಕೋ 7ಎಸ್26ರಂಥ ಹಳೆಯ ಕೆಲವಕ್ಕೆ ಕೈಯಿಂದ ಕೀ ಕೊಡಲಾಗದು, ಅವನ್ನು ಸಪಾಟಾಗಿ ಹಿಡಿದು ವೃತ್ತಾಕಾರದಲ್ಲಿ ಅಲ್ಲಾಡಿಸಿ. ಈಗ ತಾರೀಕು. ಎಲ್ಲರೂ ಎಡವುವುದು ಇಲ್ಲೇ. ರಾತ್ರಿ 9ರಿಂದ ಬೆಳಗಿನ 3ರವರೆಗೆ ತಾರೀಕು ತಳ್ಳುವ ಬೆರಳು ತಾರೀಕಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡಿರುತ್ತದೆ. ಆಗ ಕ್ರೌನಿನ ಮಧ್ಯದ ಹಂತದಿಂದ ತಾರೀಕು ತಿರುಗಿಸಿದರೆ ಹಲ್ಲು ಮುರಿಯಬಹುದು. ನಿಂತ ವಾಚಿನಲ್ಲಿ ಅದು ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲವಲ್ಲ, ಅದಕ್ಕೆ ಹೀಗೆ ಮಾಡಿ: ಕ್ರೌನು ಪೂರ್ತಿ ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ ತಾರೀಕು ಬದಲಾಗುವವರೆಗೆ ಬನ್ನಿ, ಈಗ ಅಲ್ಲಿ ನಡುರಾತ್ರಿ ಅಂತ ಖಚಿತ. ಇನ್ನೂ ಮುಂದೆ ಹೋಗಿ ಬೆಳಗಿನ 6ಕ್ಕೆ ನಿಲ್ಲಿಸಿ. ಕ್ರೌನನ್ನು ಮಧ್ಯಕ್ಕೆ ಒತ್ತಿ ನಿನ್ನೆಯ ತಾರೀಕಿಗೆ ತನ್ನಿ. ಮತ್ತೆ ಪೂರ್ತಿ ಎಳೆದು ಮುಂದಕ್ಕೆ ತಿರುಗಿಸುತ್ತಾ ನಡುರಾತ್ರಿ ದಾಟಿಸಿ ಇವತ್ತಿನ ತಾರೀಕು ಬಂದ ಮೇಲೆ ಸಮಯಕ್ಕೆ ಹೊಂದಿಸಿ. ಮಧ್ಯಾಹ್ನದ ಮೇಲಾಗಿದ್ದರೆ 12ನ್ನು ಇನ್ನೊಮ್ಮೆ ದಾಟಿಸುವುದು ಮರೆಯಬೇಡಿ, ಇಲ್ಲವಾದರೆ ತಾರೀಕು ನಡುಮಧ್ಯಾಹ್ನ ಬದಲಾಗುತ್ತದೆ.

ತಿರುಪಿ ಕೂರಿಸುವ ಕ್ರೌನಾದರೆ, ಮತ್ತೆ ಮುಚ್ಚುವಾಗ ಮೊದಲು ಒತ್ತಿಕೊಂಡೇ ಎಡಕ್ಕೆ ಕಾಲು ಸುತ್ತು ತಿರುಗಿಸಿ. ತಿರುಪಿನ ಎಳೆ ಸಿಕ್ಕಿ ‘ಟಕ್’ ಅಂದ ಮೇಲೆ ಬಲಕ್ಕೆ ಬಿಗಿಯಿರಿ. ನೇರ ಬಲಕ್ಕೆ ತಿರುಗಿಸಿ ಎಳೆ ಅಡ್ಡಸಿಕ್ಕಿಸಿಕೊಂಡ ವಾಚುಗಳಿಗೆ ಲೆಕ್ಕವಿಲ್ಲ.

ಪೆಟ್ಟಿಗೆತುಂಬ

ತಿರುಗಿಸುವ ಡಬ್ಬಿ ಬೇಡವೇ ಬೇಡ ಅನ್ನುವುದನ್ನು ಒಪ್ಪಲಾರೆ. ತಾರೀಕು, ವಾರ, ತಿಂಗಳು, ಚಂದ್ರ ಎಲ್ಲ ತೋರಿಸುವ ವಾಚು ಒಂದು ತಿಂಗಳು ನಿಂತರೆ ಮತ್ತೆ ಹೊಂದಿಸುವುದೇ ಒಂದು ಕೆಲಸ. ಬರೀ ತಾರೀಕು ಇರುವುದಕ್ಕೆ ಬೇಡ, ಸರಿ.

ಬ್ಯಾಲೆನ್ಸ್‌ವೀಲ್

ಅಂಥದ್ದಕ್ಕೆ ಇರಲಿ. ಹಾಗಿದ್ದರೂ ದಿನಕ್ಕೆ ಎಷ್ಟು ಸುತ್ತು, ಯಾವ ದಿಕ್ಕಿಗೆ ಅಂತ ನೋಡಿ ಹೊಂದಿಸಿ. ತುಂಬಾ ಯಂತ್ರಗಳಿಗೆ ದಿನಕ್ಕೆ 650 ಸುತ್ತು ಸಾಕು. ಅದಕ್ಕಿಂತ ಮೇಲೆ ತಿರುಗಿದರೆ ಸ್ಪ್ರಿಂಗ್ ಜಾರಿ ನಿಲ್ಲುವುದರಿಂದ ಕೀ ಅತಿಯಾಗುವುದಿಲ್ಲ, ಸುಮ್ಮನೆ ಸವೆತ.

ಹೊಸಕೀಲಿ

ಎಲ್ಲರಿಗೂ ವಂದನೆ. ಇನ್ನು ಕ್ವಾರ್ಟ್ಜ್: ಇವತ್ತಿನಿಂದ ಅದರ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಒಟ್ಟಿಗೆ ಜಿಗಿಯುತ್ತಿದೆ. ಕೆಟ್ಟಿತಾ? ಇನ್ನೊಂದು, ತಿಂಗಳುಗಟ್ಟಲೆ ಕಟ್ಟದಿದ್ದರೆ ಕ್ರೌನು ಎಳೆದಿಡಬಹುದಾ?

ಗ್ಯಾಸ್ಕೆಟ್

ಕೆಟ್ಟಿಲ್ಲ. ಸೆಲ್ ಮುಗಿಯುತ್ತಾ ಬಂದಿದೆ ಅಂತ ವಾಚೇ ತಿಳಿಸುತ್ತಿದೆ. ಸಮಯ ಸರಿಯಾಗೇ ಇರುತ್ತದೆ, ಆದರೆ ದಿನಗಳು ಕಡಿಮೆ. ಹಾಗೇ ಡ್ರಾಯರಿಗೆ ಎಸೆಯಬೇಡಿ, ಸತ್ತ ಸೆಲ್ ಸೋರಿ ಕಾಯಿಲ್ ತಿಂದುಹಾಕುತ್ತದೆ. ಬದಲಿಸುವಾಗ ಹಳೆಯ ಸೆಲ್ಲಿನ ನಂಬರು ನೋಡಿ. ಎಸ್‌ಆರ್626ಎಸ್‌ಡಬ್ಲ್ಯು ಇದ್ದರೆ ಅದನ್ನೇ ಹಾಕಿಸಿ, 377 ಅಂದರೂ ಅದೇ. ಎಲ್‌ಆರ್626 ಅಳತೆಯಲ್ಲಿ ಅಷ್ಟೇ ಇದ್ದು ಅಗ್ಗವಾಗಿ ಸಿಗುತ್ತದೆ. ಅದು ಆಲ್ಕಲೈನ್, ವೋಲ್ಟೇಜು ಮೊದಲ ದಿನದಿಂದಲೇ ಇಳಿಯುತ್ತಾ ಹೋಗುತ್ತದೆ, ಸೋರುವ ಸಂಭವವೂ ಜಾಸ್ತಿ. ಎಸ್‌ಆರ್ ಸಿಲ್ವರ್ ಆಕ್ಸೈಡ್, ಕೊನೆಯವರೆಗೆ ಹೆಚ್ಚುಕಡಿಮೆ 1.55 ವೋಲ್ಟಿನಲ್ಲೇ ನಿಲ್ಲುತ್ತದೆ. ಮುಚ್ಚಳ ತೆಗೆದಾಗಲೇ ಗ್ಯಾಸ್ಕೆಟ್ ಹೊಸದು ಕೇಳಿ, ಕಡೇಪಕ್ಷ ಸಿಲಿಕೋನ್ ಗ್ರೀಸ್ ಸವರಿಸಿ.

ಕ್ರೌನು ಎಳೆದರೆ ಮೋಟರ್ ನಿಂತು ಸೆಲ್ ಉಳಿಯುವುದು ನಿಜ. ಆದರೆ ಎಳೆದಿಟ್ಟಷ್ಟು ದಿನ ಆ ಕಡೆಯ ಸೀಲು ಅಷ್ಟು ಭದ್ರವಲ್ಲ. ಒಣ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುವುದಾದರೆ ಎಳೆದಿಡಿ, ತೇವದ ಕೋಣೆಯಲ್ಲಾದರೆ ಒತ್ತಿಯೇ ಇಡಿ, ಸೆಲ್ ಹೋದರೆ ಹೋಗಲಿ.